ಎಲ್ಡನ್ ವೋಪಾಟರ ಪಿಕಪ್ಪಿನ ಮುಚ್ಚಳ

ಎಲ್ಡನ್ ವೋಪಾಟರ ಹಳೆಯ ನೀಲಿ ಪಿಕಪ್ಪನ್ನು ಕೊಂಡಾಗ, ಅದರ ಜೊತೆಗೆ ಊರಿನ ಅರ್ಧ ಸಾಮಾನೂ ನನ್ನ ಪಾಲಿಗೆ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಕೊಂಡ ಮರುದಿನ ಬೆಳಿಗ್ಗೆ, ಕಾಲೇಜಿಗೆ ಹೊರಡುವ ಮೊದಲು, ಬೆವ್ ಅವರ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಕಾಫಿ ಕುಡಿದು ಬಂದೆ. ಅಷ್ಟರಲ್ಲಿ ಹಿಂದಿನ ಬಾಡಿಯಲ್ಲಿ ಒಂದು ಕುಂಟು ಕುರ್ಚಿ, ಒಂದು ಚೀಲ ಮುಸುಕಿನ ಜೋಳ ಮತ್ತು ಗಾಜಿನ ತಟ್ಟೆಯೊಂದು ಬಂದು ಕುಳಿತಿದ್ದವು. ಕುರ್ಚಿಯ ಬೆನ್ನಿಗೆ ಬಿಳಿ ಟೇಪು ಅಂಟಿಸಿ ‘ಮಿಲೋಗೆ, ಕಾಲು ಹಾಕಿಸಲು’ ಎಂದು ಬರೆದಿತ್ತು. ನಾನು ಮತ್ತೆ ಒಳಗೆ ಹೋದೆ.

“ಬೆವ್, ನನ್ನ ಗಾಡಿಗೆ ಯಾರೋ ಸಾಮಾನು ತುಂಬಿದ್ದಾರೆ.”

“ತುಂಬಿರ್ತಾರೆ. ಎಲ್ಡನ್ ಗಾಡಿ ಅಲ್ವಾ ಅದು?”

“ಈಗ ನನ್ನದು.”

“ಹೌದಾ? ಹಾಗಾದ್ರೆ ನೀನೇ ಮುಟ್ಟಿಸಿಬಿಡು ಮಗಳೇ. ಜೋಳ ಪಾದ್ರಿಗಳ ಮನೆಗೆ. ಬೇಗ ಕೊಡು, ಬಿಸಿಲಿಗೆ ಬಾಡುತ್ತೆ.” ಬೆವ್ ಇಷ್ಟು ಹೇಳಿ ಕಾಫಿಯ ಜಗ್ಗು ಹಿಡಿದು ಮುಂದಿನ ಮೇಜಿಗೆ ಹೋದರು. ಜೋಳ ಪಾದ್ರಿಗಳಿಗೆ ಎಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ನಾನೂ ಕೇಳಲಿಲ್ಲ.

ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ ಇರುವ ನಮ್ಮ ಊರಿನಲ್ಲಿ ಕೇಳುವುದು ಅಷ್ಟಾಗಿ ರೂಢಿಯಲ್ಲಿಲ್ಲ. ‘ನನ್ನ ಈ ಕೆಲಸ ಮಾಡಿಕೊಡಿ’ ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದೇ ನಮ್ಮವರಿಗೆ ಹಗುರ. ಆದ್ದರಿಂದ ಯಾರ ವಸ್ತು ಯಾರಿಗೆ ತಲುಪಬೇಕಿದ್ದರೂ ಅದನ್ನು ಎಲ್ಡನ್ ಅವರ ಪಿಕಪ್ಪಿಗೆ ಹಾಕಿಬಿಡುತ್ತಿದ್ದರು. ಹೆಸರು ಬರೆದ ಟೇಪು ಅಂಟಿಸಿದರೆ ಮರ್ಯಾದೆ, ಅಂಟಿಸದಿದ್ದರೂ ನಡೆಯುತ್ತಿತ್ತು. ಎಲ್ಡನ್ ಕೂಡ ಯಾವತ್ತೂ ‘ಇದೇನು’ ಎಂದವರಲ್ಲ. ಕೌಂಟಿಯ ಮಣ್ಣು ರಸ್ತೆಗಳನ್ನು ಸಮ ಮಾಡುವ ಯಂತ್ರವನ್ನು ಜೀವಮಾನವಿಡೀ ಓಡಿಸಿದವರು ಅವರು. ಯಾವ ರಸ್ತೆಯ ಕೊನೆಗೆ ಯಾವ ಅಡುಗೆಮನೆ ಇದೆ ಎಂದು ಅವರಿಗೆ ಗೊತ್ತಿತ್ತು. ನಿವೃತ್ತರಾದ ಮೇಲೂ ಬೆಳಿಗ್ಗೆ ಬೇಗ ಎದ್ದು, ಬೀಜದ ಕಂಪನಿಯ ಟೋಪಿ ಹಾಕಿಕೊಂಡು, ಗಾಡಿಯ ಬಾಡಿಯಲ್ಲಿ ಏನು ಬಂದಿದೆ ಎಂದು ನೋಡುವುದೇ ಅವರ ದಿನದ ಶುರು. ಅವರ ಹೆಂಡತಿ ಲವೋನ್ ಹೇಳುತ್ತಿದ್ದರು: “ನಾನು ಮಾತಾಡಿದ್ರೆ ಅರ್ಧ ಕೇಳಿಸಲ್ಲ ಈ ಮನುಷ್ಯನಿಗೆ. ಯಾರಾದ್ರೂ ಗಾಡಿ ಹಿಂದೆ ಒಂದು ಬಕೆಟ್ ಇಟ್ರೆ ಸಾಕು, ಮನೆ ಒಳಗಿಂದಲೇ ಕೇಳಿಸಿಬಿಡುತ್ತೆ.”

ನೀಲಿ ಗಾಡಿಗೆ ವಯಸ್ಸಾಗಿತ್ತು. ಬಾಗಿಲು ತೆರೆಯಬೇಕಾದರೆ ಒಳಗಿನಿಂದ ಮೊಣಕಾಲು ಕೊಡಬೇಕು. ಲವೋನ್ ಬಹಳ ದಿನ ಒತ್ತಾಯ ಮಾಡಿದ ಮೇಲೆ ಎಲ್ಡನ್ ಅದನ್ನು ನನಗೆ ಮಾರಿ, ಆ ವರ್ಷವೇ ಮಾರುಕಟ್ಟೆಗೆ ಬಂದಿದ್ದ ಬೆಳ್ಳಿ ಬಣ್ಣದ ಹೊಸ ಪಿಕಪ್ಪೊಂದನ್ನು ತಂದರು. ಬೇಕಾದಾಗ ಕಾರು, ಬೇಕಾದಾಗ ಲಾರಿ, ಹೇಗೆ ಬೇಕೋ ಹಾಗೆ ಮಡಚಿಕೊಳ್ಳಬಹುದು ಎಂದು ಮಾರುವವನು ಹೇಳಿದ್ದನಂತೆ.

ಅದು ಬೆವ್ ಹೋಟೆಲಿನ ಮುಂದೆ ಬಂದು ನಿಂತ ಬೆಳಿಗ್ಗೆ ಒಳಗಿದ್ದವರೆಲ್ಲ ಕಾಫಿ ಕಪ್ಪು ಹಿಡಿದುಕೊಂಡೇ ಹೊರಗೆ ಬಂದರು. ಎಲ್ಲರಿಗಿಂತ ಮುಂದೆ ಮಿಲೋ ಸ್ಟ್ರಾಕಾ. ಮಿಲೋ ಬಡಗಿ; ಎಲ್ಡನ್ ಅವರ ಜೊತೆಯಲ್ಲೇ ಶಾಲೆಗೆ ಹೋದವರು; ಅವರನ್ನು ರೇಗಿಸುವ ಕೆಲಸವನ್ನು ಅಂದಿನಿಂದ ಒಂದು ದಿನವೂ ತಪ್ಪಿಸಿದವರಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು ನಿಂತು ಕೇಳಿದರು.

“ಎಲ್ಡನ್, ಪಿಕಪ್ ಎಲ್ಲೋ? ಬರೀ ಕಾರು ಕಾಣ್ತಿದೆ.”

“ಸರಿಯಾಗಿ ನೋಡು. ಅರ್ಧ ಕಾರು, ಅರ್ಧ ಪಿಕಪ್ಪು.”

“ಅಂದ್ರೆ ಯಾವುದೂ ಪೂರ್ತಿ ಅಲ್ಲ.” ಮಿಲೋ ಬಾಗಿಲು ತೆರೆದು ಒಳಗೆ ಇಣುಕಿದರು. “ಅಯ್ಯಯ್ಯೋ, ಜಮಖಾನ ಹಾಸಿದ್ದಾರಲ್ಲೋ! ಬೂಟು ಬಿಚ್ಚಿ ಹತ್ತಬೇಕಾ?”

“ದೇವರಾಣೆ ಬಿಚ್ಚಬೇಡ. ಹೊಸ ಗಾಡಿ ವಾಸನೆ ಇನ್ನೂ ಹೋಗಿಲ್ಲ.”

ಬೆವ್ ಇನ್ನೊಂದು ಬದಿಯಿಂದ ತಲೆ ಹಾಕಿದ್ದರು. “ಲೋಟ ಇಡೋಕೆ ಎಷ್ಟೊಂದು ಗುಳಿ ಮಾಡಿದ್ದಾರೆ ನೋಡಿ! ಎಲ್ಡನ್, ನೀವು ಕುಡಿಯೋದು ದಿನಕ್ಕೆ ಒಂದು ಕಪ್ಪು, ಅದೂ ನನ್ನ ಹತ್ರ. ಇಷ್ಟರಲ್ಲೂ ಏನಿಡ್ತೀರಿ?”

“ಇರಲಿ ಬಿಡಿ. ನೆಂಟರು ಬಂದ್ರೆ ಆಗುತ್ತೆ.”

ಎಲ್ಡನ್ ಹಿಂದಕ್ಕೆ ಬಂದು ಬಾಡಿಯ ಪಕ್ಕದ ಗೋಡೆಯಲ್ಲಿ ಅಡಗಿದ್ದ ಪೆಟ್ಟಿಗೆಯೊಂದನ್ನು ಕೀಲಿಕೈಯಿಂದ ತೆರೆದು ತೋರಿಸಿದರು. ಒಳಗೆ ನೀರು ಹೋಗುವುದಿಲ್ಲ, ದೂಳು ಹೋಗುವುದಿಲ್ಲ.

“ಇದರಲ್ಲಿ ಏನಿಡ್ತೀಯಾ?” ಮಿಲೋ ಕೇಳಿದರು.

ಎಲ್ಡನ್ ಸ್ವಲ್ಪ ಯೋಚಿಸಿದರು. “ಹಗ್ಗ.”

“ಹಗ್ಗಕ್ಕೆ ಬೀಗ! ಊರು ಎಲ್ಲಿಗೆ ಬಂತಪ್ಪ!”

ಇಷ್ಟಾದರೂ ಮುಖ್ಯವಾದದ್ದನ್ನು ಎಲ್ಡನ್ ಇನ್ನೂ ತೋರಿಸಿರಲಿಲ್ಲ. ಹಿಂದಿನ ಸೀಟನ್ನು ಮಡಚಿ, ಸೀಟಿಗೂ ಬಾಡಿಗೂ ನಡುವೆ ಇದ್ದ ಗೋಡೆಯನ್ನೇ ಮಲಗಿಸಿದರು. ಗಾಡಿ ಬೆನ್ನಿನಿಂದ ಬಾಲದವರೆಗೆ ಒಂದೇ ಉದ್ದದ ಚಪ್ಪಟೆ ನೆಲವಾಯಿತು. ನಿಜ ಹೇಳಬೇಕೆಂದರೆ ನೋಡಲು ಚೆನ್ನಾಗಿಯೇ ಇತ್ತು.

“ಎಂಟಡಿ ಹಲಗೆ ಹೀಗೇ ಮಲಗುತ್ತೆ. ಹಿಂಬಾಗಿಲು ಹಾಕಿದರೂ ಹೊರಗೆ ಬರಲ್ಲ.”

“ಎಲ್ಲಿ ಹಲಗೆ?”

ಹಲಗೆ ಇರಲಿಲ್ಲ. ಎಲ್ಡನ್ ಅತ್ತಿತ್ತ ನೋಡಿದರು. ಆಮೇಲೆ (ನಮ್ಮ ಊರಿನಲ್ಲಿ ಅವರಷ್ಟು ಗಂಭೀರ ಮನುಷ್ಯ ಇನ್ನೊಬ್ಬರಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಓದಬೇಕು) ಕೆಳಗಿಳಿಸಿದ್ದ ಹಿಂಬಾಗಿಲಿನ ಮೇಲೆ ಕುಳಿತು, ಕಾಲು ಎಳೆದುಕೊಂಡು, ತಾವೇ ಒಳಗೆ ಉದ್ದಕ್ಕೆ ಮಲಗಿದರು.

“ನೋಡು. ಇನ್ನೂ ಜಾಗ ಉಳಿದಿದೆ,” ಎಂದು ಒಳಗಿನಿಂದ ದನಿ ಬಂತು.

ಮಿಲೋ ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. “ಚೆನ್ನಾಗಿ ಕಾಣ್ತಿದ್ದೀಯಾ ಕಣೋ. ಪಾದ್ರಿಗಳನ್ನ ಕರೀಲಾ?”

ಎಲ್ಡನ್ ಎದ್ದು ಬಂದು, ಪ್ಯಾಂಟು ಕೊಡವಿಕೊಂಡು, ಕೊನೆಯದಾಗಿ ಮುಚ್ಚಳ ತೋರಿಸಿದರು. ಮೂರು ಗಟ್ಟಿ ಹಲಗೆಗಳ ಮುಚ್ಚಳ, ಬಾಡಿಯ ಮೇಲೆ ಪೂರ್ತಿ ಕೂರುತ್ತದೆ, ಬೀಗ ಬೀಳುತ್ತದೆ. ಮಳೆ ಬಿದ್ದರೂ ಒಂದು ಹನಿ ಒಳಗಿಲ್ಲ.

“ಮತ್ತೆ,” ಎಂದರು ಜೊತೆಯಲ್ಲಿ ಬಂದಿದ್ದ ಲವೋನ್ ಕಡೆಗೆ ತಿರುಗಿ, “ಇನ್ನು ಮೇಲೆ ಒಂದು ಜುಕಿನಿ ಕೂಡ ಒಳಗೆ ಬರಲ್ಲ.”

ಇದಕ್ಕೆ ಮಾತ್ರ ಎಲ್ಲರೂ ಚಪ್ಪಾಳೆ ತಟ್ಟಿದರು. ಸೌತೆಕಾಯಿಯ ದೊಡ್ಡಣ್ಣನಂತಿರುವ ಈ ಜುಕಿನಿ ಆಗಸ್ಟ್ ತಿಂಗಳಲ್ಲಿ ನಮ್ಮಲ್ಲಿ ಪ್ರತಿ ಹಿತ್ತಲಲ್ಲೂ ಬೆಳೆದು ಸೊಕ್ಕುತ್ತದೆ. ತಿನ್ನುವವರಿಗಿಂತ ಬೆಳೆಯುವವರೇ ಹೆಚ್ಚು. ವರ್ಷವಿಡೀ ಮನೆಗೆ ಬೀಗ ಹಾಕದ ಜನ ಆಗಸ್ಟಿನಲ್ಲಿ ಕಾರಿನ ಬಾಗಿಲಿಗೆ ಬೀಗ ಹಾಕುತ್ತಾರೆ, ಕಳ್ಳರ ಭಯದಿಂದಲ್ಲ, ಯಾರಾದರೂ ಒಂದು ಚೀಲ ಜುಕಿನಿ ಒಳಗಿಟ್ಟು ಹೋದಾರು ಎಂದು. ತೆರೆದ ಪಿಕಪ್ಪಿನ ಪಾಡು ಕೇಳುವಂತೆಯೇ ಇಲ್ಲ. ಪ್ರತಿ ವರ್ಷ ಲವೋನ್ ಅದನ್ನು ತುರಿದು ಕೇಕು ಮಾಡಿ, ಹಿಟ್ಟಿನಲ್ಲಿ ಕರಿದು, ಕೊನೆಗೆ ಮಿಲೋ ಅವರ ಹಂದಿಗಳಿಗೆ ಹಾಕಿ ಮುಗಿಸುತ್ತಿದ್ದರು.

ಹೀಗೆ ಮುಚ್ಚಳ ಬಿತ್ತು. ಜುಕಿನಿ ನಿಂತಿತು. ಆದರೆ ಅದರ ಜೊತೆಗೆ ಉಳಿದದ್ದೆಲ್ಲವೂ ನಿಂತುಹೋಗುತ್ತದೆ ಎಂದು ಎಲ್ಡನ್ ಎಣಿಸಿರಲಿಲ್ಲ.

ಗಾಡಿಯನ್ನು ಎಲ್ಲರೂ ಹೊಗಳುತ್ತಿದ್ದರು. ಬಣ್ಣಕ್ಕೆ ಬೆರಳು ತಾಗದಂತೆ ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ತಮ್ಮ ಕುರ್ಚಿ, ಬಕೆಟ್ಟು, ಜೋಳದ ಚೀಲವನ್ನು ತಂದು ನನ್ನ ನೀಲಿ ಗಾಡಿಗೆ ಹಾಕುತ್ತಿದ್ದರು. “ಅಷ್ಟು ಚಂದದ ಗಾಡಿಗೆ ಕೋಳಿ ಗೂಡು ಹಾಕಿ ಅಂತ ಹೇಗೆ ಕೇಳೋದು?” ಎಂದರು ಬೆವ್. ಅಲ್ಲೇ ಇತ್ತು ತೊಡಕು. ಈಗ ಕೇಳಬೇಕಾಗಿತ್ತು. ಬೀಗವಿದ್ದ ಗಾಡಿಗೆ ಏನಾದರೂ ಹಾಕಬೇಕೆಂದರೆ ಅದರ ಧಣಿಯನ್ನು ಹುಡುಕಿ, ಬಾಯಿ ತೆರೆದು ಕೇಳಬೇಕು. ಅವರು ಕೇಳರು. ‘ತನ್ನಿ, ಹಾಕಿ’ ಎಂದು ಹೇಳುವುದು ಎಲ್ಡನ್ ಅವರಿಗೂ ಆಗದು. ಅದು ಇನ್ನೊಂದು ಬಗೆಯ ಕೇಳುವುದೇ ಅಲ್ಲವೆ?

ರಸ್ತೆಯಲ್ಲೂ ಹಾಗೆಯೇ ಆಯಿತು. ನಮ್ಮ ಕಡೆ ಎದುರಿಗೆ ಬಂದ ಗಾಡಿಗೆ ಸ್ಟೀರಿಂಗಿನ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಮುಖ ನೋಡಿ ಅಲ್ಲ, ದೂರದಿಂದಲೇ ಗಾಡಿ ನೋಡಿ. ನೀಲಿ ಗಾಡಿಯಲ್ಲಿ ಹೋಗುವ ನನಗೆ ನಾನು ಕಂಡರಿಯದ ರೈತರೂ ಬೆರಳು ಎತ್ತುತ್ತಿದ್ದರು. ನಾನೂ ಎತ್ತುತ್ತಿದ್ದೆ, ಬೇರೆಯವರ ಅಂಗಿ ತೊಟ್ಟವಳಂತೆ ಸಂಕೋಚಪಟ್ಟು. ಎಲ್ಡನ್ ಬೆಳ್ಳಿ ಗಾಡಿಯಲ್ಲಿ ಬೆರಳು ಎತ್ತಿದರೆ ಎದುರಿನವರು, ಯಾರೋ ಹೊರಗಿನವರು ದಾರಿ ತಪ್ಪಿದ್ದಾರೆ ಎಂಬಂತೆ ನೋಡಿಕೊಂಡು ಹೋಗುತ್ತಿದ್ದರು.

ಒಂದು ಸಂಜೆ ಎಲ್ಡನ್ ನಮ್ಮ ಮನೆಯ ಮುಂದೆ ಬಂದು ನಿಂತರು.

“ಎಂಜಿನ್ ಆಯಿಲ್ ನೋಡೋಣ ಅಂತ ಬಂದೆ ಮಗಳೇ. ಇದು ಸ್ವಲ್ಪ ಕುಡಿಯುತ್ತೆ.”

“ಮೊನ್ನೆ ತಾನೇ ನೋಡಿದ್ರಲ್ಲ.”

“ಹೂಂ. ಇನ್ನೊಂದು ಸಲ ನೋಡಿದ್ರೆ ತಪ್ಪೇನು?”

ಬಾನೆಟ್ಟನ್ನು ಎತ್ತಿದರು, ಇಳಿಸಿದರು. ಆಮೇಲೆ ನಿಧಾನಕ್ಕೆ, ಬೇರೆ ಏನೋ ನೋಡುತ್ತಿರುವವರಂತೆ, ಹಿಂದಕ್ಕೆ ನಡೆದು ಬಾಡಿಯ ಅಂಚಿನ ಮೇಲೆ ಎರಡೂ ಮೊಣಕೈ ಊರಿ ನಿಂತರು. ಒಳಗೆ ಒಂದು ಗರಗಸ, ಒಂದು ಬುಟ್ಟಿ ಇತ್ತು.

“ಗರಗಸ ಮಿಲೋದು.”

“ಹೌದು. ಪಾದ್ರಿಗಳಿಗೆ ಕೊಡಬೇಕು.”

“ನನ್ನ ಗಾಡೀಲಿ ಗರಗಸ ಇಡೋಕೆ ಅಂತಾನೇ ಪೆಟ್ಟಿಗೆ ಇದೆ. ಅಲುಗಾಡಲ್ಲ.”

“ನೀವೇ ತಗೊಂಡು ಹೋಗಿ ಮತ್ತೆ.”

ಅವರ ಕೈ ಗರಗಸದ ಹಿಡಿಯವರೆಗೆ ಹೋಗಿ ಹಿಂದೆ ಬಂತು. “ಛೆ, ಛೆ. ನಿನ್ನ ಗಾಡಿಗೆ ಹಾಕಿದ್ದಾರೆ. ನೀನೇ ಕೊಡಬೇಕು.” ಹೋಗುವಾಗ ಬುಟ್ಟಿಯನ್ನು ಮಾತ್ರ ಸ್ವಲ್ಪ ಒಳಕ್ಕೆ ಸರಿಸಿ ಇಟ್ಟರು. “ತಿರುವಿನಲ್ಲಿ ಉರುಳುತ್ತೆ,” ಎಂದರು.

ಆಗಸ್ಟಿನ ಕೊನೆಗೆ, ಊರಿಗೆಲ್ಲ ಹಿರಿಯರಾಗಿದ್ದ ಆಗ್ನೆಸ್ ಅಜ್ಜಿ ತೀರಿಕೊಂಡರು. ಮಲಗಿದ್ದಲ್ಲೇ, ತುಂಬು ಬಾಳು ಬಾಳಿ ಹೋದ ಜೀವ. ಊರು ಅತ್ತದ್ದಕ್ಕಿಂತ ಅವರ ಮಾತುಗಳನ್ನು ನೆನೆಸಿಕೊಂಡು ನಕ್ಕದ್ದೇ ಹೆಚ್ಚು. ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಪ್ರತಿ ಮನೆಯಿಂದಲೂ ಒಂದೊಂದು ಪಾತ್ರೆ ಬಂದಿತ್ತು: ಹಂದಿ ಮಾಂಸ, ಆಲೂಗಡ್ಡೆ, ನಡುವೆ ಗಸಗಸೆ ತುಂಬಿದ ಕೊಲಾಚಿ ಬನ್ನುಗಳು. ಊಟ ಮುಗಿದ ಮೇಲೆ ಹೆಂಗಸರು ಪಾತ್ರೆ ತೊಳೆಯುತ್ತಾರೆ. ತೊಳೆದ ಪಾತ್ರೆಗಳನ್ನು ಅವರವರ ಮನೆಗೆ ಮುಟ್ಟಿಸುವವರು ಎಲ್ಡನ್. ನಾನು ಹುಟ್ಟುವ ಮೊದಲಿನಿಂದಲೂ ಹಾಗೆಯೇ.

ಅಂದು ಎಲ್ಡನ್ ಕಪ್ಪು ಕೋಟು ಹಾಕಿಕೊಂಡು ಬೇಗನೆ ಬಂದಿದ್ದರು. ಗಾಡಿಯನ್ನು ಅಡುಗೆಮನೆಯ ಬಾಗಿಲಿನ ಪಕ್ಕ ಹಿಮ್ಮುಖವಾಗಿ ನಿಲ್ಲಿಸಿ, ಮುಚ್ಚಳದ ಬೀಗ ತೆಗೆದು ತೆರೆದಿಟ್ಟು, ನಡುಗೋಡೆ ಮಲಗಿಸಿ, ಗಾಜು ಒಡೆಯದಿರಲೆಂದು ಒಂದು ಕಂಬಳಿಯನ್ನೂ ಹಾಸಿದ್ದರು. ಯಾರೂ ಕೇಳಬೇಕಿರಲಿಲ್ಲ, ಇದು ವಾಡಿಕೆ. ಹಾಸಿ ಮುಗಿದ ಮೇಲೆ ಕಾಫಿ ಕುಡಿಯಲು ಒಳಗೆ ಹೋದರು. ಮೋಡ ಕಟ್ಟಿತ್ತು, ಯಾರೋ ಒಳ್ಳೆಯ ಮನಸ್ಸಿನವರು, ಎಲ್ಡನ್ ಅವರ ಹೊಸ ಗಾಡಿ ನೆನೆದೀತೆಂದು ಮುಚ್ಚಳ ಎಳೆದು ಹಾಕಿದರು.

ನನಗೆ ಆ ಸಂಜೆ ಪಕ್ಕದ ಊರಿನ ಕಾಲೇಜಿನಲ್ಲಿ ಪರೀಕ್ಷೆ ಇತ್ತು. ಊಟ ಮುಗಿಸಿ, ಒಂದು ಮೂಲೆಯಲ್ಲಿ ಕುಳಿತು ಪುಸ್ತಕ ತಿರುವಿ, ಓದಿದ್ದು ಮರೆಯದಿರಲೆಂದು ಯಾರೊಂದಿಗೂ ಮಾತಾಡದೆ ನೀಲಿ ಗಾಡಿ ಹತ್ತಿ ಹೊರಟೆ. ಹಿಂದಿನಿಂದ ಏನೋ ಕಿಣಿಕಿಣಿ ಎನ್ನುತ್ತಿತ್ತು. ಸೈಲೆನ್ಸರ್ ಕಳಚಿತು ಎಂದುಕೊಂಡೆ. ಕಾಲೇಜಿನ ಅಂಗಳದಲ್ಲಿ ಇಳಿದು ನೋಡಿದರೆ, ಬಾಡಿಯ ಒಳಗೆ ಚರ್ಚಿನ ಬಿಳಿ ಮೇಜುಬಟ್ಟೆ ಹೊದ್ದುಕೊಂಡು ಊರಿನ ಅಷ್ಟೂ ಪಾತ್ರೆಗಳು ಕುಳಿತಿದ್ದವು. ತಟ್ಟೆ, ಬೋಗುಣಿ, ಮುಚ್ಚಳ, ಸೌಟು. ಒಂದೊಂದರ ತಳದಲ್ಲೂ ಬಿಳಿ ಟೇಪಿನ ಮೇಲೆ ಒಂದೊಂದು ಹೆಸರು. ಬೆಳ್ಳಿ ಗಾಡಿಗೆ ಮುಚ್ಚಳ ಬಿದ್ದಿತ್ತು; ತೆರೆದ ನೀಲಿ ಗಾಡಿ ಕಂಡ ಕೂಡಲೇ ಹೆಂಗಸರ ಕೈ ತಾನಾಗಿಯೇ ಅತ್ತ ಹೋಗಿತ್ತು. ನಾನು ಆ ಪರೀಕ್ಷೆಯನ್ನು ಹೇಗೆ ಬರೆದೆನೋ. ಪ್ರತಿ ಪ್ರಶ್ನೆಯ ನಡುವೆಯೂ ಯಾರದೋ ಆಲೂಗಡ್ಡೆ ಬೋಗುಣಿ ಬಂದು ನಿಲ್ಲುತ್ತಿತ್ತು.

ಮರುದಿನ ಬೆಳಿಗ್ಗೆ ಪಾತ್ರೆಗಳ ಸಮೇತ ವೋಪಾಟರ ಮನೆಗೆ ಹೋದೆ. ಎಲ್ಡನ್ ಅಂಗಳದಲ್ಲಿ ಗಾಡಿ ಒರೆಸುತ್ತಿದ್ದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. ಲವೋನ್ ಮೆಟ್ಟಿಲ ಮೇಲೆ ಬೀನ್ಸು ಬಿಡಿಸುತ್ತಿದ್ದವರು ನನಗೆ ಕಣ್ಣಿನಲ್ಲೇ ಸುಮ್ಮನಿರಲು ಹೇಳಿದರು.

“ಕೊನೆಯವರೆಗೂ ಕಾದ್ರು,” ಎಂದರು ತಗ್ಗಿದ ದನಿಯಲ್ಲಿ. “ಕೋಟು ಹಾಕ್ಕೊಂಡೇ, ಗಾಡಿ ಪಕ್ಕ. ದೀಪ ಆರಿಸಿದ ಮೇಲೂ ನಿಂತಿದ್ರು.”

ಎಲ್ಡನ್ ಬಂದು ನೀಲಿ ಗಾಡಿಯೊಳಗೆ ನೋಡಿದರು.

“ಒಂದಾದ್ರೂ ಒಡೀತಾ?”

“ಇಲ್ಲ. ನಾನು ನಿಧಾನಕ್ಕೇ ಬಂದೆ.”

“ಒಳ್ಳೇದು. ಹಂಚಿಬಿಡು ಹಾಗಾದ್ರೆ. ಜನಕ್ಕೆ ಈಗ ನೀನು ರೂಢಿಯಾಗಿದ್ದೀಯಾ.” ಅಷ್ಟು ಹೇಳಿ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡತೊಡಗಿದರು.

ಲವೋನ್ ಬೀನ್ಸಿನ ಬೋಗುಣಿಯನ್ನು ಪಕ್ಕಕ್ಕಿಟ್ಟರು. “ಎಲ್ಡನ್, ಆ ಹೆಂಗಸರು ಪಾತ್ರೆ ಕೊಟ್ಟಿದ್ದು ಈ ಹುಡುಗಿಗೆ ಅಂದ್ಕೊಂಡ್ಯಾ? ಪಾಪ, ಇವಳಿಗೆ ಗೊತ್ತೇ ಇಲ್ಲ. ಕೊಟ್ಟಿದ್ದು ನಿನಗೇ ಕಣೋ. ನೀನು ಬೇರೆ ಗಾಡೀಲಿದ್ದೆ, ಅಷ್ಟೇ.”

ಎಲ್ಡನ್ ಬಟ್ಟೆ ಮಡಚುವುದನ್ನು ನಿಲ್ಲಿಸಿದರು. ಗ್ಯಾರೇಜಿಗೆ ಹೋಗಿ ಸ್ಪ್ಯಾನರ್ ತಂದರು. ಬೆಳ್ಳಿ ಗಾಡಿಯ ಮುಚ್ಚಳದ ಮೂರು ಹಲಗೆಗಳನ್ನೂ ಒಂದೊಂದಾಗಿ ಬಿಚ್ಚಿ ಗೋಡೆಗೆ ಒರಗಿಸಿದರು. ಮುಚ್ಚಳ ಬಿದ್ದ ಮೇಲೆ ಮೊದಲ ಸಲ ಬಿಸಿಲು ಆ ಬಾಡಿಯ ತಳಕ್ಕೆ ಬಿತ್ತು.

“ಪಾತ್ರೆ ಈ ಕಡೆ ಕೊಡು ಮಗಳೇ,” ಎಂದರು. “ದೊಡ್ಡವು ಕೆಳಗೆ.”

ಸೀಟು ಮಡಚಿದ್ದರಿಂದ ಹಿಂದೆ ಜಾಗವಿರಲಿಲ್ಲ. ನಾನು ಮುಂದೆ, ಮಡಿಲಲ್ಲಿ ಬೆವ್ ಅವರ ಕೇಕಿನ ತಟ್ಟೆ ಇಟ್ಟುಕೊಂಡು ಕುಳಿತೆ. ಲೋಟದ ಗುಳಿಗಳೆಲ್ಲ ಸೌಟುಗಳಿಂದ ತುಂಬಿದವು. “ನೆಂಟರು ಬಂದ್ರು,” ಎಂದರು ಎಲ್ಡನ್, ರಸ್ತೆಯಿಂದ ಕಣ್ಣು ತೆಗೆಯದೆ.

ಮನೆಯಿಂದ ಮನೆಗೆ ಹೋದೆವು. ತೆರೆದ ಬಾಡಿಯಲ್ಲಿ ಪಾತ್ರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು, ದೂರಕ್ಕೂ ಕಾಣುತ್ತಿದ್ದವು. ಮೂರನೆಯ ತಿರುವಿನಲ್ಲಿ ಎದುರಿಗೆ ಬಂದ ಟ್ರ್ಯಾಕ್ಟರಿನವರು ಮೊದಲು ಪಾತ್ರೆ ನೋಡಿದರು, ಆಮೇಲೆ ಟೋಪಿ ನೋಡಿದರು, ಬೆರಳು ಎತ್ತಿದರು. ಎಲ್ಡನ್ ಕೂಡ ಎತ್ತಿದರು.

ಕೊನೆಯದು ಮಿಲೋ ಅವರ ಮನೆ. ಮಿಲೋ ತಮ್ಮ ಬೋಗುಣಿಯನ್ನು ಇಸಿದುಕೊಂಡು, ಖಾಲಿಯಾದ ಬಾಡಿಯೊಳಗೆ ಇಣುಕಿದರು.

“ಮುಚ್ಚಳ ಎಲ್ಲೋ?”

“ಮನೇಲಿ.”

“ಮಳೆ ಬಂದ್ರೆ?”

“ನೆನೆಯುತ್ತೆ.”

ಮಿಲೋ ಗಲ್ಲ ಕೆರೆದುಕೊಂಡು ಮನೆಯ ಹಿಂದಕ್ಕೆ ಹೋದರು. ಬರುವಾಗ ಹೆಗಲ ಮೇಲೆ ಮರದ ಏಣಿ. ಏನೂ ಕೇಳಲಿಲ್ಲ. ಏಣಿಯ ತುದಿಯನ್ನು ಹಿಂಬಾಗಿಲಿನ ಮೇಲಿಟ್ಟು ಒಳಕ್ಕೆ ತಳ್ಳಿದರು. ಹೊಸ ಬಣ್ಣದ ಮೇಲೆ ಕರ್ರ್ ಎಂದು ಉದ್ದಕ್ಕೆ ಒಂದು ಸದ್ದು ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ. ಎಲ್ಡನ್ ಆಕಾಶ ನೋಡುತ್ತಿದ್ದರು. ಏಣಿ ಮಲಗಿಸಿದ ಗೋಡೆಯ ಮೇಲಿಂದ ಹಾದು, ಮುಂದಿನ ಸೀಟಿನ ಬೆನ್ನಿಗೆ ಬಂದು ನಿಂತಿತು. ಹಿಂಬಾಗಿಲು ಸರಿಯಾಗಿ ಮುಚ್ಚಿತು.

“ಬೆವ್‌ಗೆ. ಸೂರು ಸೋರುತ್ತಂತೆ,” ಎಂದರು ಮಿಲೋ.

ಎಲ್ಡನ್ ಅವರಿಗೆ ಇನ್ನು ತಡೆಯಲಾಗಲಿಲ್ಲ. “ನೋಡಿದ್ಯಾ? ಎಂಟಡಿ.”

“ನೋಡಿದೆ. ನಿನಗಿಂತ ಚೆನ್ನಾಗಿ ಮಲಗಿದೆ.”

ಆಮೇಲಿನ ವಾರ ನಾನು ಬೆವ್ ಹೋಟೆಲಿನಿಂದ ಹೊರಗೆ ಬಂದಾಗ ನನ್ನ ನೀಲಿ ಗಾಡಿಯ ಬಾಡಿ ಖಾಲಿ ಇತ್ತು. ನಿರಾಳವಾಗಬೇಕಿತ್ತು; ಏಕೋ ಒಂದು ಗಳಿಗೆ ಸುಮ್ಮನೆ ಅದನ್ನೇ ನೋಡುತ್ತ ನಿಂತೆ. ಪಕ್ಕದ ಬೆಳ್ಳಿ ಗಾಡಿಯ ಸುತ್ತ ಆಗಲೇ ಜನ ಸೇರಿದ್ದರು. ಅದರಲ್ಲಿ ಒಂದು ಕುರ್ಚಿ, ಎರಡು ಬಕೆಟ್ಟು, ಮತ್ತು ಮೂಲೆಯಲ್ಲಿ ಒಂದು ದೊಡ್ಡ ಚೀಲ. ಚೀಲದ ಬಾಯಿಂದ ತೋಳಿನ ಗಾತ್ರದ ಜುಕಿನಿಗಳು ತಲೆ ಹೊರಹಾಕಿದ್ದವು. ಅದಕ್ಕೆ ಟೇಪು ಇರಲಿಲ್ಲ.

“ಯಾರು ಇಟ್ಟಿದ್ದು ಇದು?” ಎಲ್ಡನ್ ಸುತ್ತ ಕಣ್ಣಾಡಿಸಿದರು. ದನಿಯಲ್ಲಿ ಸಿಟ್ಟು ತರಲು ಬಹಳ ಕಷ್ಟಪಟ್ಟರು. ಎಲ್ಲರೂ ಕಾಫಿ ಕಪ್ಪಿನೊಳಗೆ ನೋಡಿದರು. ಬೆವ್ ಮೇಜು ಒರೆಸಲು ಒಳಗೆ ಹೋದರು.

“ಹಾಕು, ನನ್ನ ಹಂದಿಗಳಿಗೆ ಹಾಕು,” ಎಂದು ಮಿಲೋ ಕೈ ಚಾಚಿದರು.

ಎಲ್ಡನ್ ಆ ಚಾಚಿದ ಕೈಯನ್ನು ಪಕ್ಕಕ್ಕೆ ಸರಿಸಿದರು. ಜೇಬಿನಿಂದ ಕೀಲಿಕೈ ತೆಗೆದು ಬಾಡಿಯ ಗೋಡೆಯ ಪೆಟ್ಟಿಗೆ ತೆರೆದರು. ಹಗ್ಗವನ್ನು ಹೊರಗೆ ತೆಗೆದು ಬಕೆಟ್ಟಿಗೆ ಹಾಕಿದರು. ಜುಕಿನಿಗಳನ್ನು ಒಂದೊಂದಾಗಿ, ಒಂದಕ್ಕೊಂದು ತಾಗದಂತೆ, ಒಳಗೆ ಜೋಡಿಸಿದರು. ಆಮೇಲೆ ಬೀಗ ಹಾಕಿ, ಬಿತ್ತೋ ಇಲ್ಲವೋ ಎಂದು ಒಮ್ಮೆ ಎಳೆದು ನೋಡಿದರು.